ಬಲಗಡೆಗೆ ಇಟ್ಟ ಸೀರೆ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ, ಏನು ಮಾಡಲಿ? ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಶೋರೂಮಿನ ಎರಡನೇ ಮಹಡಿಯಲ್ಲಿ ಚೂಡಿದಾರಗಳನ್ನು ಹ್ಯಾಂಗರಿಗೆ ಹಾಕುತ್ತಿದ್ದೆ. ಫೋನ್ ಕಿವಿಗಿಟ್ಟುಕೊಂಡೇ ಅತ್ತೆ, ಅಳುತ್ತಲೇ ಬೈದೆ. ಪಕ್ಕದಲ್ಲಿದ್ದ ಹುಡುಗಿ, "ಯಾರಕ್ಕ, ನಿಮ್ಮ ತಂದೆಯವರಾ?" ಎಂದಳು. ಅಲ್ಲ ಎಂದೆ. ಮತ್ಯಾರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಒಂದು ಮಾತಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನಂಜನಗೂಡಿನಲ್ಲಿ ಐವತ್ತು ದಾಟಿದ ಯಾವ ಹೆಂಗಸನ್ನಾದರೂ "ಬಜಾರಿನ ಸೀರೆಯವರು" ಎಂದು ಕೇಳಿ ನೋಡಿ, ಯಾರೆಂದು ಗೊತ್ತಾಗುತ್ತದೆ. ಈಗ ನಾನು ಕೆಲಸ ಮಾಡುವ ಗಾಜಿನ ಶೋರೂಮ್ ಇದೆಯಲ್ಲ, ಅದೇ ಜಾಗದಲ್ಲಿ ಹಳೆಯ ಅಂಗಡಿ ಇತ್ತು. ಕೆಳಗೆ ಜವಳಿ, ಮೇಲೆ ಪಾತ್ರೆ ಪಡಗ, ಹಿಂದಿನ ಕೋಣೆಯಲ್ಲಿ ಹಾಸಿಗೆ ಕಂಬಳಿ. ತೊಟ್ಟಿಲಿಗೆ ಬೇಕಾದದ್ದರಿಂದ ಚಟ್ಟಕ್ಕೆ ಬೇಕಾದದ್ದರವರೆಗೆ ಒಂದೇ ಸೂರಿನಡಿ ಸಿಗುತ್ತಿತ್ತು. ಅವರು ಅಲ್ಲಿ ನಲವತ್ತು ವರ್ಷ ಸೀರೆ ತೋರಿಸಿದರು. ಅದರಲ್ಲಿ ಕೊನೆಯ ಹತ್ತೊಂಬತ್ತು ವರ್ಷ ಬೀರುವಿನಿಂದ ಸೀರೆ ತೆಗೆದು ಅವರ ಕೈಗೆ ಕೊಟ್ಟವಳು ನಾನು.

ಕುಳ್ಳ ಮನುಷ್ಯ. ಬಿಳಿ ಪಂಚೆ, ಮೊಣಕೈವರೆಗೆ ಮಡಿಸಿದ ಬಿಳಿ ಅಂಗಿ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಬೆಳಿಗ್ಗೆ ಬಿಳಿ ಹಾಸಿನ ಮೇಲೆ ಕೂತರೆ ಊಟದ ಹೊತ್ತಿಗೆ ಬಿಟ್ಟು ಏಳುತ್ತಿರಲಿಲ್ಲ. ಫ್ಯಾನಿನ ನೇರ ಕೆಳಗಿನ ಜಾಗ ಅವರದು, ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಹೊಗಳುವ ಅಭ್ಯಾಸವೇ ಇರಲಿಲ್ಲ ಪುಣ್ಯಾತ್ಮನಿಗೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವಾದರೂ "ಭೇಷ್" ಎಂದದ್ದು ನಾನು ಕೇಳಿಲ್ಲ. ಬೈಗುಳ ಮಾತ್ರ ಧಾರಾಳ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಬ್ಬ ಗಿರಾಕಿಗೆ, "ಮೇಡಂ, ನಿಮಗೆ ತುಂಬಾ ಚೆನ್ನಾಗಿ ಒಪ್ಪುತ್ತೆ" ಎಂದುಬಿಟ್ಟೆ. ಆಕೆ ಹೋದ ಮೇಲೆ ಅವರು ನನ್ನ ಕಡೆ ತಿರುಗಿ, "ಅಮ್ಮಣ್ಣಿ, ಉಡೋಳು ಅವಳು, ದುಡ್ಡು ಅವಳದು. ಮಧ್ಯದಲ್ಲಿ ನಿನ್ನದೇನು ಪುರಾಣ? ಸೀರೆ ಮಾತಾಡ್ಲಿ, ನೀನು ಬಾಯಿ ಮುಚ್ಕೊಂಡಿರು" ಎಂದರು. ಆ ದಿನ ಮನೆಗೆ ಹೋಗಿ ಊಟ ಮಾಡದೆ ಮಲಗಿದೆ.

ಅವರದೊಂದು ಪದ್ಧತಿ ಇತ್ತು. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಸೀರೆ ಬಿಚ್ಚಿ ತೋರಿಸಿದ ಮೇಲೆ ಅಪ್ಪಟ ರೇಷ್ಮೆಯನ್ನು ತಮ್ಮ ಬಲಗಡೆಗೆ ಇಡುತ್ತಿದ್ದರು, ಬೆರಕೆಯನ್ನು ಎಡಗಡೆಗೆ. ಇದಕ್ಕೆ ಬೋರ್ಡಿಲ್ಲ, ಬಾಯಿಮಾತೂ ಇಲ್ಲ. ರೇಷ್ಮೆಗೆ ಬೆಲೆಚೀಟಿಯನ್ನೂ ಅಂಟಿಸುತ್ತಿರಲಿಲ್ಲ, ಅವರು ಹೇಳಿದ್ದೇ ಬೆಲೆ. ಸುತ್ತಲಿನ ಹಳ್ಳಿಗಳಲ್ಲಿ ಅತ್ತೆ ಸೊಸೆಗೆ, ತಾಯಿ ಮಗಳಿಗೆ ಹೇಳಿಕೊಡುತ್ತಿದ್ದರು: ಅಲ್ಲಿಗೆ ಹೋದರೆ ಏನೂ ಕೇಳಬೇಡ, ಯಾವ ಕಡೆಗೆ ಇಡುತ್ತಾರೆ ನೋಡು ಅಂತ.

ಬಾಯಿಬಿಟ್ಟು ಹೇಳಿದರೇನು ಕಷ್ಟ ಎಂದು ನಾನೊಮ್ಮೆ ಕೇಳಿದ್ದೆ. "ಹತ್ತು ಜನ ಕೂತಿರ್ತಾರೆ. ಅವರ ಎದುರಿಗೆ 'ಇದು ಬೆರಕೆ ಕಣಮ್ಮ' ಅಂದ್ರೆ, ಅದನ್ನೇ ತಗೊಳ್ಳೋಕೆ ಬಂದಿರೋ ಹೆಣ್ಣುಮಗಳು ಮುಖ ಎಲ್ಲಿಟ್ಕೋಬೇಕು?" ಎಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಅಂಗಡಿಯ ಯಜಮಾನರ ದೊಡ್ಡ ಮಗ ಒಮ್ಮೆ ಆ ಪದ್ಧತಿಗೆ ಕೈ ಹಾಕಿದ. ಬೆರಕೆ ಸೀರೆಗಳನ್ನೂ ಬಲಗಡೆಯ ರಾಶಿಗೆ ಸೇರಿಸಿ, "ಬಣ್ಣದ ಪ್ರಕಾರ ಇಟ್ರೆ ಲುಕ್ ಬರುತ್ತೆ" ಎಂದ. ಇವರು ಎದ್ದರು, ಚಪ್ಪಲಿ ಮೆಟ್ಟಿದರು, ಕಪಿಲಾ ನದಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ಮಧ್ಯಾಹ್ನ ಯಜಮಾನರೇ ಹೋಗಿ ಕರೆತರಬೇಕಾಯಿತು. ಅವರು ಬರುವಷ್ಟರಲ್ಲಿ ನಾನು ರಾಶಿಗಳನ್ನು ಮೊದಲಿನ ಹಾಗೆ ಬೇರೆ ಮಾಡಿ ಇಟ್ಟಿದ್ದೆ.

ಇದೆಲ್ಲ ಒಳ್ಳೆಯ ಕಾಲದ ಮಾತು. ಆಮೇಲೆ ಬಜಾರಿಗೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಎದುರಿನ ಹಿತ್ತಾಳೆ ಪಾತ್ರೆ ಅಂಗಡಿ ಮೊಬೈಲ್ ಕವರಿನ ಅಂಗಡಿಯಾಯಿತು. ಪಕ್ಕದ ಸ್ಟೇಷನರಿಯವರು ಬೀಗ ಹಾಕಿ ಮೈಸೂರು ಸೇರಿದರು. ಹೆದ್ದಾರಿಯ ಬದಿಯಲ್ಲಿ ಏಸಿ ಶೋರೂಮುಗಳು ಬಂದವು, ಕಾರು ನಿಲ್ಲಿಸಲು ಜಾಗ ಕೊಟ್ಟವು. ಅದನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದೇ ಇದ್ದದ್ದು ಫೋನು. ತಾಯಿ ಮಗಳು ಬಂದು ಮೂವತ್ತು ಸೀರೆ ಬಿಚ್ಚಿಸುತ್ತಿದ್ದರು, ಸೆರಗು ಮುಟ್ಟಿ ನೋಡುತ್ತಿದ್ದರು, ನಾಲ್ಕು ಫೋಟೋ ಹೊಡೆದುಕೊಂಡು "ಮನೇಲಿ ತೋರಿಸ್ಕೊಂಡು ಬತ್ತೀವಿ" ಎಂದು ಎದ್ದು ಹೋಗುತ್ತಿದ್ದರು. ವಾರದ ಮೇಲೆ ಅದೇ ಬಣ್ಣದ ಸೀರೆಯ ಪೊಟ್ಟಣ ಅವರ ಮನೆ ಬಾಗಿಲಿಗೆ ಬೈಕಿನಲ್ಲಿ ಹೋಗುತ್ತಿತ್ತು. ಬಿಚ್ಚಿದ ಮೂವತ್ತನ್ನು ಮಡಿಸುವ ಕರ್ಮ ಮಾತ್ರ ನಮ್ಮದು.

ಮಾಲು ಕಡಿಮೆಯಾಯಿತು. ಮೇಲಿನ ಮಹಡಿಗೆ ಬೀಗ ಬಿತ್ತು. ಹದಿನಾಲ್ಕು ಜನರಿದ್ದ ಕೆಲಸದವರು ಐವರಾದೆವು. ಬಲಗಡೆಯ ರಾಶಿ ವರ್ಷದಿಂದ ವರ್ಷಕ್ಕೆ ತಗ್ಗಿತು, ಏಕೆಂದರೆ ಅಪ್ಪಟ ತರಿಸಿ ಕೂಡಿಡುವ ಧೈರ್ಯ ಯಜಮಾನರಿಗೆ ಉಳಿದಿರಲಿಲ್ಲ. ಬೀರುವಿನ ಖಾಲಿ ಖಾನೆಗಳು ಕಾಣದಂತೆ ಬೆಡ್‌ಶೀಟುಗಳನ್ನು ನಿಲ್ಲಿಸಿ ಇಡುವುದೇ ನನ್ನ ಬೆಳಗಿನ ಕೆಲಸವಾಯಿತು.

ಮೂರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ಯಜಮಾನರು ನಮ್ಮೈವರನ್ನೂ ಕೂರಿಸಿ ಹೇಳಿದರು: ಶೋರೂಮಿನವರು ಕಟ್ಟಡ ಕೇಳುತ್ತಿದ್ದಾರೆ, ಮಕ್ಕಳಿಬ್ಬರೂ ಕೊಟ್ಟುಬಿಡಿ ಎನ್ನುತ್ತಿದ್ದಾರೆ. "ಮುಂದಿನ ಗುರುವಾರ ಮುಡುಕುತೊರೆ ಕಡೆಯ ನಮ್ಮ ಹಳೇ ಗಿರಾಕಿ ಅಜ್ಜಿ ಮನೆಯವರು ಮೊಮ್ಮಗಳ ಮದುವೆ ಜವಳಿಗೆ ಬರ್ತಾರೆ. ದೊಡ್ಡ ಜವಳಿ. ಅದು ಕೈ ಹಿಡಿದ್ರೆ ಇನ್ನೊಂದು ವರ್ಷ ನೋಡೋಣ. ಇಲ್ಲಾಂದ್ರೆ ಶುಕ್ರವಾರ ನಾನು ಅವರಿಗೆ ಹೂಂ ಅಂತೀನಿ." ಅಷ್ಟು ಹೇಳಿ ಎದ್ದು ಹೋದರು. ನನ್ನ ಗಂಡನಿಗೆ ಆಗ ಫ್ಯಾಕ್ಟರಿಯ ಗುತ್ತಿಗೆ ಕೆಲಸ ನಿಂತು ನಾಲ್ಕು ತಿಂಗಳಾಗಿತ್ತು, ಮಗಳು ಪಿಯುಸಿಯಲ್ಲಿದ್ದಳು. ಗುರುವಾರದವರೆಗೆ ನಾನು ಹರಕೆ ಹೊರದ ದೇವರಿಲ್ಲ.

ಆ ಅಜ್ಜಿಯ ತವರು ನಂಜನಗೂಡಿನ ಪಕ್ಕದ ಚಿಕ್ಕಯ್ಯನಛತ್ರ. ಅವರ ಸ್ವಂತ ಧಾರೆ ಸೀರೆ ನಮ್ಮ ಅಂಗಡಿಯದು, ಅವರ ಮಗಳದೂ ನಮ್ಮದೇ. ಮದುವೆ ಜವಳಿ ಎಂದರೆ ನರಸೀಪುರದ ಅಂಗಡಿಗಳನ್ನೆಲ್ಲ ದಾಟಿಸಿ ಮನೆ ಮಂದಿಯನ್ನು ಇಲ್ಲಿಗೇ ಎಳೆತರುವ ಗಟ್ಟಿಗಿತ್ತಿ. ಅವರ ಮನೆತನದಲ್ಲಿ ಒಂದು ಕಟ್ಟುಪಾಡು: ಒಳ್ಳೆಯ ಗಳಿಗೆ ನೋಡಿ, ಜವಳಿಯನ್ನೆಲ್ಲ ಒಂದೇ ಕಡೆ ತೆಗೆಯಬೇಕು. ಧಾರೆ ಸೀರೆ ಎಲ್ಲಿ ಸಿಗುತ್ತದೋ ಉಳಿದದ್ದೂ ಅಲ್ಲೇ. ಧಾರೆ ಸೀರೆ ಸಿಗದಿದ್ದರೆ ಆರಿಸಿದ್ದನ್ನೆಲ್ಲ ಬಿಟ್ಟು ಏಳುವುದು.

ಗುರುವಾರ ಹತ್ತು ಗಂಟೆಗೆ ಟೆಂಪೋ ಬಂತು. ಹದಿನಾರು ಜನ ಇಳಿದರು. ಅಜ್ಜಿ ಬಂದು ಸೀದಾ ನಮ್ಮ ಸೀರೆಯವರ ಬಲಗಡೆಗೆ ಕೂತು, "ಏನ್ ಮಗಾ, ಚೆಂದಾಗಿದ್ದೀಯಾ?" ಎಂದರು.

"ನಿಮ್ಮ ಆಶೀರ್ವಾದ ಕಣವ್ವ."

ಅವತ್ತಿನ ಅವರ ಕೆಲಸವನ್ನು ನೋಡಬೇಕಿತ್ತು. ಉಡುಗೊರೆ ಸೀರೆಗಳು ಒಂದೊಂದಾಗಿ ಗೊತ್ತಾದವು. ಯಾರ ಅತ್ತೆಗೆ ಯಾವ ಅಂಚು, ಯಾರ ನಾದಿನಿ ಹಸಿರು ಉಡುವುದಿಲ್ಲ, ಗಂಡಿನ ಕಡೆಯ ದೊಡ್ಡಮ್ಮನಿಗೆ ಸಣ್ಣ ಅಂಚು ಕೊಟ್ಟರೆ ಮದುವೆ ಮನೆಯಲ್ಲಿ ಏನಾಗುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ಒಂದು ಗಂಟೆಯ ಹೊತ್ತಿಗೆ ಐವತ್ತಕ್ಕೂ ಮೇಲೆ ಸೀರೆ ಪಕ್ಕಕ್ಕೆ ಬಂದಿದ್ದವು. ಯಜಮಾನರು ಎರಡು ಸಲ ಕಾಫಿ ತರಿಸಿದರು, ಮೂರನೆಯದಕ್ಕೆ ತಾವೇ ಹೋದರು.

ಉಳಿದದ್ದು ಧಾರೆ ಸೀರೆ. ಅವರ ಕಡೆ ಧಾರೆಗೆ ಕೆನೆಬಣ್ಣದ ಮೈ, ಕೆಂಪು ಅಂಚು, ಅಪ್ಪಟ ರೇಷ್ಮೆ. ನಮ್ಮಲ್ಲಿ ಅಂಥವು ಇದ್ದದ್ದೇ ಎರಡು. ಒಂದರ ಮಡಿಕೆಯಲ್ಲಿ ಹಳದಿ ಕಲೆ. ಇನ್ನೊಂದರ ಅಂಚು ಹುಡುಗಿಗೆ ಹಿಡಿಸಲಿಲ್ಲ. "ಅಜ್ಜಿ, ಮೈಸೂರಿಗೇ ಹೋಗೋಣ. ನಾನು ನೋಡಿಟ್ಟಿದ್ದೀನಿ" ಎಂದು ಫೋನು ತೆಗೆದಳು. ಅವಳ ಅಪ್ಪ ಗಡಿಯಾರ ನೋಡಿಕೊಂಡ. ಹೆಂಗಸರಿಬ್ಬರು ಸೆರಗು ಸರಿಮಾಡಿಕೊಂಡು ಮಂಡಿಯ ಮೇಲೆ ಕೈಯೂರಿದರು. ಯಜಮಾನರು ಗಲ್ಲಾದ ಹಿಂದೆ ನಿಂತೇ ಇದ್ದರು.

"ಅಮ್ಮಣ್ಣಿ, ಮೇಲಿನ ಖಾನೇಲಿ ಒಂದಿರಬೇಕು ನೋಡು" ಎಂದರು ಅವರು.

ಅಲ್ಲಿ ಒಂದಿತ್ತು. ಕೆನೆ ಮೈ, ಹೊಳೆಯುವ ಕೆಂಪಂಚು, ನೋಡಲು ಮೊದಲಿನ ಎರಡಕ್ಕಿಂತಲೂ ಚೆನ್ನ. ಆದರೆ ಬೆರಕೆ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತಂದು ಕೈಗೆ ಕೊಟ್ಟೆ. ಬಿಚ್ಚಿ ಹಾಸಿದರು. ಹುಡುಗಿಯ ಮುಖ ಅರಳಿತು. "ಇದು! ಇದೇ ಅಜ್ಜಿ" ಎಂದಳು.

ಅವರು ಸೀರೆಯನ್ನು ಮಡಿಸಿ ಎರಡು ಕೈಯಲ್ಲಿ ಎತ್ತಿಕೊಂಡರು. ಆಮೇಲೆ ಬಲಗಡೆಗೆ ಇಟ್ಟರು.

ಅಜ್ಜಿ ಅಂಚಿನ ಮೇಲೆ ಒಂದು ಸಲ ಬೆರಳಾಡಿಸಿದರು. ಏನೂ ಕೇಳಲಿಲ್ಲ. ಬೆಲೆ ಮಾತ್ರ ಕೇಳಿದರು. ಇವರು ಅಪ್ಪಟದ ಬೆಲೆಯನ್ನೇ ಹೇಳಿದರು. "ಸರಿ, ಅರಿಸಿನ ಕುಂಕುಮ ತತ್ತಾ" ಎಂದು ಅಜ್ಜಿ ನನ್ನ ಕಡೆ ನೋಡಿದರು. ನಾನು ಓಡಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗ ನನಗಾದದ್ದು ಸಂತೋಷವೇ. ಸುಳ್ಳೋ ನಿಜವೋ ಯಾರಿಗೆ ಬೇಕಿತ್ತು? ಅಂಗಡಿ ಉಳಿಯಿತು, ನನ್ನ ಸಂಬಳ ಉಳಿಯಿತು. ಟೆಂಪೋ ಹೋದ ಮೇಲೆ ಯಜಮಾನರು ಮೈಸೂರು ಪಾಕ್ ತರಿಸಿ ಹಂಚಿದರು. ಇವರು ತಮ್ಮ ತುಂಡನ್ನು ಕಾಗದದ ಸಮೇತ ನನ್ನ ಕಡೆ ತಳ್ಳಿ, "ಮಗಳಿಗೆ ತಗೊಂಡು ಹೋಗು" ಎಂದರು.

ಮರುದಿನ ಯಜಮಾನರು ಶೋರೂಮಿನವರಿಗೆ ಸದ್ಯಕ್ಕಿಲ್ಲ ಎಂದು ಹೇಳಿದರು. ಅದರ ಮರುದಿನ ಇವರು ನನ್ನನ್ನು ಹಿಂದಿನ ಕೋಣೆಗೆ ಕರೆದರು. "ನಾಳೆ ರಜ ಅಲ್ವಾ. ಮುಡುಕುತೊರೆ ಕಡೆ ಹೋಗಿ ಬರ್ತೀನಿ. ಅವ್ವಂಗೆ ಹೇಳ್ಬೇಕು."

"ಏನು ಹೇಳೋದು?"

"ಅದು ಬೆರಕೆ ಅಂತ."

ನನಗೆ ಎಲ್ಲಿತ್ತೋ ಸಿಟ್ಟು. "ಅಣ್ಣಾ, ನಿಮಗೆ ತಲೆ ನೆಟ್ಟಗಿದೆಯಾ? ಧಾರೆ ಸೀರೆ ವಾಪಸ್ ಬಂದ್ರೆ ಜವಳಿ ಗಂಟು ಪೂರ್ತಿ ವಾಪಸ್ ಬರುತ್ತೆ. ಸೋಮವಾರ ನಾವು ಐದೂ ಜನ ಬೀದೀಲಿ ನಿಂತಿರ್ತೀವಿ. ನಿಮಗೇನು, ಮಗನ ಮನೆ ಇದೆ, ಅನ್ನ ಹಾಕ್ತಾರೆ. ನಾನೆಲ್ಲಿಗೆ ಹೋಗ್ಲಿ?"

ಅವರು ಲವಂಗ ಅಗಿಯುತ್ತಾ ಬೀರು ನೋಡುತ್ತಿದ್ದರು. "ಬಲಗಡೆಗೆ ಇಟ್ಟೆ ಕಣಮ್ಮಣ್ಣಿ" ಎಂದರು, ಅಷ್ಟೇ.

ಅವರೊಬ್ಬರನ್ನೇ ಬಿಡಬಾರದೆಂದು ನಾನೂ ಹೊರಟೆ. ದಾರಿಯಲ್ಲಿ ಹೇಗಾದರೂ ಮಾಡಿ ತಿರುಗಿಸಿಕೊಂಡು ಬರುವ ಆಸೆ. ನಂಜನಗೂಡಿನಿಂದ ನರಸೀಪುರದವರೆಗೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ನಾನು ಆಡಬಾರದ ಮಾತೆಲ್ಲ ಆಡಿದೆ. ನಿಮ್ಮ ಹೆಸರು ಉಳಿಸಿಕೊಳ್ಳಲು ನಮ್ಮ ಹೊಟ್ಟೆಗೆ ಹೊಡೆಯುತ್ತೀರಿ ಎಂದೆ. ಇದು ಸತ್ಯವಲ್ಲ, ಜಂಬ ಎಂದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನರಸೀಪುರದಲ್ಲಿ ಇಳಿದಾಗ, "ನೀನು ಹೇಳಿದ್ರಲ್ಲಿ ತಪ್ಪೇನಿಲ್ಲ. ಬೇಕಿದ್ರೆ ಇಲ್ಲೇ ಕೂತಿರು, ನಾನು ಹೋಗಿ ಬರ್ತೀನಿ" ಎಂದರು. ನಾನು ಅವರ ಹಿಂದೆಯೇ ಮುಡುಕುತೊರೆಗೆ ಹೋಗುವ ತಲಕಾಡಿನ ಬಸ್ಸು ಹತ್ತಿದೆ.

ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ನೋಡಿ, "ಅಯ್ಯೋ, ಇದ್ಯಾಕ್ ಮಗಾ, ಬಿಸ್ಲಲ್ಲಿ ಇಷ್ಟು ದೂರ! ಬಾ, ಕುಂತ್ಕೊ" ಎಂದು ಚಾಪೆ ಹಾಸಿದರು. ಒಳಗೆ ಕೂಗಿ ಕಾಫಿಗೆ ಹೇಳಿದರು. ಮನೆಯವರೆಲ್ಲ ಲಗ್ನಪತ್ರಿಕೆ ಹಂಚಲು ಹೋಗಿದ್ದರಂತೆ, ಒಳಗೆ ಸೊಸೆ ಒಬ್ಬಳೇ ಇದ್ದಳು.

ಕಾಫಿ ಬರುವವರೆಗೂ ಅವರು ಕಾಯಲಿಲ್ಲ. "ಅವ್ವಾ, ಒಂದು ತಪ್ಪು ಮಾಡಿದೀನಿ. ಆ ಧಾರೆ ಸೀರೆ..."

"ಬೆರ್ಕೆ. ಗೊತ್ತು ಬುಡು."

ಅಜ್ಜಿಯ ಕೈ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಈ ಕೈ ಬೆರಳ್ಗೆ ಎಂಬತ್ತೊರ್ಸ ಆಯ್ತು ಮಗಾ. ರೇಸ್ಮೆ ಯಾವ್ದು, ಬೆರ್ಕೆ ಯಾವ್ದು ಗೊತ್ತಾಗಾಕಿಲ್ವಾ? ಅಂಗ್ಡಿಗೆ ಕಾಲಿಟ್ಟೇಟ್ಗೇ ನಿಮ್ ಕಷ್ಟ ತಿಳೀತು. ಬೀರು ತುಂಬಾ ಬರೀ ದುಪ್ಟಿ ಪೇರ್ಸವ್ರೆ. ಅದ್ನ ಬಲಕ್ಕೆ ಇಕ್ಕುವಾಗ ನೀನ್ ನನ್ ಮಕ ನೋಡ್ಲಿಲ್ಲ. ನಲ್ವತ್ತೊರ್ಸದಲ್ಲಿ ನೀನ್ ಕಣ್ ತಪ್ಸಿದ್ದ ನಾ ಕಂಡಿಲ್ಲ. ಪಾಪ, ಏನ್ ಕಷ್ಟಕ್ಕೆ ಸಿಕ್ಕವ್ನೋ, ಓಗ್ಲಿ ಅಂತ ತಕ್ಕೊಂಡೆ."

"ಧಾರೆಗೆ ಬೆರಕೆ ಉಡಿಸಬಾರದಲ್ಲವ್ವ" ಎಂದರು ಅವರು.

"ಧಾರೆಗೆ ನಂದೇ ಐತೆ ಪೆಟ್ಗೆಲಿ. ಅದ್ನೇ ಉಡುಸ್ತೀನಿ. ನೀನ್ ಕೊಟ್ಟಿದ್ನ ಆರತಿಗೆ ಉಡ್ಕತಳೆ. ಯಾರ್ಗೂ ಏಳಾಕೋಗ್ಬ್ಯಾಡ, ನಾನೂ ಏಳಾಕಿಲ್ಲ. ಆ ಅಂಗ್ಡಿ ಬಾಗ್ಲು ಆಕ್ಕೊಂಡ್ರೆ ನಂಗೆ ತವ್ರ್ ಕಡೀಗೆ ಬರಾಕೆ ನೆಪಾನೆ ಇರಾಕಿಲ್ಲ." ಹೀಗೆಂದು ಅಜ್ಜಿ ಅವರೆಕಾಳಿನ ಕೈಯನ್ನೇ ಚಾಚಿ ಅವರ ತೋಳು ತಟ್ಟಿದರು. "ಪಾಪ, ಇದ್ನ ಏಳಾಕೆ ಇಷ್ಟ್ ದೂರ ಬಂದಾ? ಕಾಪಿ ಕುಡಿ."

ನಾನು ಅತ್ತುಬಿಟ್ಟೆ. ಬದುಕಿದೆವು ಎಂದು ಅತ್ತದ್ದು. ಆ ಅಜ್ಜಿಯ ಕಾಲಿಗೆ ಬಿದ್ದೆ. ಅವರು ಕುಂಕುಮ ಇಟ್ಟು, ಎರಡು ಸೇರು ಸೊಗಡು ಅವರೆಯನ್ನು ಚೀಲಕ್ಕೆ ಸುರಿದುಕೊಟ್ಟರು. ಇವರು ಕಾಫಿ ಕುಡಿದು ಮುಗಿಸಿದರು, ಕೈ ಮುಗಿದರು, ಹೊರಟರು.

ಮರುದಿನ ಅವರು ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಯಜಮಾನರು ಮನೆಗೆ ಎರಡು ಸಲ ಹೋದರು, ನಾನು ಆರು ಸಲ ಹೋದೆ. ಮೊದಲ ಸಲ ಬಾಗಿಲಲ್ಲೇ ನಿಂತು, "ಆಗಲ್ಲ ಕಣಮ್ಮಣ್ಣಿ" ಎಂದರು, ಆಮೇಲೆ ಬಾಗಿಲಿಗೂ ಬರಲಿಲ್ಲ. ಅವರಿಲ್ಲದ ಅಂಗಡಿ ಹನ್ನೊಂದು ತಿಂಗಳು ನಡೆಯಿತು. ಬಂದ ಗಿರಾಕಿಗಳು ಖಾಲಿ ಹಾಸನ್ನು ನೋಡಿ, "ಅವರಿಲ್ವಾ?" ಎಂದು ಕೇಳಿ ಹಾಗೇ ತಿರುಗುತ್ತಿದ್ದರು. ಇನ್ನೊಂದಿಷ್ಟು ದಿನ ಕೂತಿದ್ದರೆ ಏನಾಗುತ್ತಿತ್ತೋ, ನನಗೆ ಗೊತ್ತಿಲ್ಲ. ಕೂರಲಿಲ್ಲವಲ್ಲ ಎಂಬ ಸಿಟ್ಟು ಮಾತ್ರ ಹೋಗಿಲ್ಲ. ಆ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದು ನನಗೂ ಗೊತ್ತು. ಅವರನ್ನು ಅಲ್ಲಿಯವರೆಗೆ ತಂದದ್ದು ನಮ್ಮೈವರ ಅನ್ನವೇ ಅಲ್ಲವೇ?

ಆದರೆ ಅವತ್ತು ವಾಪಸ್ ಬರುವಾಗ ನನಗೆ ಇದ್ಯಾವುದರ ಸುಳಿವೂ ಇರಲಿಲ್ಲ. ನರಸೀಪುರದ ಬಸ್ ನಿಲ್ದಾಣದಲ್ಲಿ ನಂಜನಗೂಡಿನ ಬಸ್ಸಿಗೆ ಕಾಯುತ್ತಿದ್ದೆವು. ಚೀಲ ಮಡಿಲಲ್ಲಿಟ್ಟುಕೊಂಡು ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಆ ಅಜ್ಜಿ ದೇವರಂಥವರು ಎಂದೆ. ನೀವು ಸುಮ್ಮನೆ ಹೆದರಿಕೊಂಡಿರಿ ಎಂದೆ. ಕೊನೆಗೆ, "ಅಣ್ಣಾ, ಉಳ್ಕೊಂಡ್ವಿ ಬಿಡಿ. ಬೈಯಲೂ ಇಲ್ಲ ನೋಡಿ ಆಯಮ್ಮ!" ಎಂದು ನಕ್ಕೆ.

ಅವರು ನನ್ನ ಕಡೆ ತಿರುಗಿದರು. ಕಣ್ಣು ಕೆಂಪಗಾಗಿತ್ತು.

"ಬೈಬೇಕಿತ್ತು ಕಣಮ್ಮಣ್ಣಿ. ಮುಖಕ್ಕೆ ಉಗಿದು, ಗಂಟನ್ನ ಬೀದಿಗೆ ಎಸೆದಿದ್ರೆ, ನಾಳೆ ಅಂಗಡಿಗೆ ಬೀಗ ಬಿದ್ರೂ ಸೀರೆಯವನು ಅಂತಾನೇ ಸಾಯ್ತಿದ್ದೆ. ಆ ಅವ್ವ ನನ್ನ ನೋಡಿ ಪಾಪ ಅಂದ್ಬಿಟ್ಟಳು."